ಹಗುರ ಕಾರಿನ ಸುಖ, ಹಗುರ ಕಾರಿನ ಕಷ್ಟ

ಯುಗಾದಿ ಊಟದ ದಿನ ನಮ್ಮ ಕನ್ನಡ ಕೂಟದ ಹುಡುಗನೊಬ್ಬ ಕೇಳಿದ: "ಅಣ್ಣಾ, ನಾನೂ ಒಂದು ಮಿಯಾಟಾ ತಗೋಬೇಕು ಅಂತಿದೀನಿ. ತಗೊಳ್ಳಲಾ?" ಎಲೆ ಮುಂದೆ ಕೂತು ಹೇಳಿ ಮುಗಿಸುವ ಮಾತಲ್ಲ ಅದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು 1996ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಟಾಪು, ಸ್ವಿಚ್ ಒತ್ತಿದರೆ ಕಪ್ಪೆಗಣ್ಣಿನ ಹಾಗೆ ಮೇಲೇಳುವ ಹೆಡ್‌ಲೈಟು. ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಆರು ವರ್ಷದಿಂದ ನನ್ನ ಜೊತೆಗಿದೆ. 1.8 ಲೀಟರ್ ಎಂಜಿನ್, 133 ಹಾರ್ಸ್‌ಪವರ್. ಇವತ್ತಿನ ಎಷ್ಟೋ ಫ್ಯಾಮಿಲಿ ಕಾರುಗಳಿಗೆ ಇದಕ್ಕಿಂತ ಜಾಸ್ತಿ ಪವರ್ ಇದೆ. ಸಿಗ್ನಲ್ ಹಸಿರಾಗುತ್ತಿದ್ದಂತೆ ಪಕ್ಕದ ಎಲೆಕ್ಟ್ರಿಕ್ ಕಾರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಂದೆ ಹೋಗಿರುತ್ತದೆ. ಸ್ಪೀಡಿನ ಆಸೆಗೆ ಇದನ್ನು ಕೊಂಡರೆ ಮೊದಲ ವಾರವೇ ಬೇಜಾರಾಗುತ್ತದೆ.

ಇದರ ಸುಖ ಇರುವುದು ತೂಕದಲ್ಲಿ. ಸಾವಿರ ಕೆಜಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಆ ತೂಕವೂ ಮುಂದಿನ ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮವಾಗಿ ಕೂತಿದೆ. ಕಾರನ್ನು ತಳ್ಳುವುದು ಹಿಂದಿನ ಚಕ್ರ, ಮುಂದಿನದಕ್ಕೆ ಎಳೆಯುವ ಹೊರೆಯೇ ಇಲ್ಲ. ವುಡ್‌ಸೈಡ್‌ನಿಂದ ರೆಡ್‌ವುಡ್ ಮರಗಳ ನಡುವೆ ಬೆಟ್ಟದ ನೆತ್ತಿಯ ಸ್ಕೈಲೈನ್ ರಸ್ತೆ ತನಕ ಹತ್ತಿ, ಲಾ ಹೋಂಡಾ ಕಡೆ ಇಳಿಯುವ ಹೈವೇ 84 ಇದೆಯಲ್ಲ, ಅಲ್ಲಿ ಓಡಿಸಿ ನೋಡಬೇಕು. ಗೇರ್ ಲಿವರ್ ಮಣಿಕಟ್ಟು ಆಡಿಸಿದಷ್ಟೇ ದೂರ ಹೋಗಿ ಟಕ್ ಅಂತ ಕೂರುತ್ತದೆ. ರಸ್ತೆಗೆ ಹಾಕಿದ ಒಂದೊಂದು ತೇಪೆಯೂ ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ. ಮೀಟರ್ ನೋಡಿದರೆ ಗಂಟೆಗೆ 35 ಮೈಲಿ ದಾಟಿರುವುದಿಲ್ಲ. ಅಷ್ಟಕ್ಕೇ ಮೈಯೆಲ್ಲ ಎಚ್ಚರ.

ಊರಲ್ಲಿ ಮಾರುತಿ 800 ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದು ಸುಮಾರು 650 ಕೆಜಿ. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ, ಶಿವಮೊಗ್ಗದಲ್ಲಿ. ಆಗುಂಬೆ ಘಾಟಿಯ ತಿರುವುಗಳಲ್ಲಿ ಆ ಪುಟ್ಟ ಕಾರು ಹೇಗೆ ಹೇಳಿದ ಮಾತು ಕೇಳುತ್ತಿತ್ತು ಅನ್ನುವುದು ನನ್ನ ಕೈಗೆ ಇನ್ನೂ ನೆನಪಿದೆ.

ಬ್ರಿಟನ್ನಿನಲ್ಲಿ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಈ ಹಗುರತನದ ಹಿಂದೆಯೇ ಬಿದ್ದಿದ್ದ ಮನುಷ್ಯ. ಲೋಟಸ್‌ನ 1962ರ ಎಲಾನ್ ಕಾರಿನ ಗುಣವನ್ನು ಮಾಜ್ದಾದವರು 1989ರಲ್ಲಿ ಮಿಯಾಟಾಕ್ಕೆ ತಂದರು. ಜೊತೆಗೆ ದಿನಾ ಬೆಳಿಗ್ಗೆ ತಪ್ಪದೆ ಸ್ಟಾರ್ಟ್ ಆಗುವ ಗುಣವನ್ನೂ ಕೊಟ್ಟರು. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು, ಆದ್ದರಿಂದ ಸಾಮಾನು ಸಿಗುವುದು ಕಷ್ಟವಿಲ್ಲ. ತೂಕ ಕಡಿಮೆ ಇದ್ದರೆ ಖರ್ಚೂ ಕಡಿಮೆ. 14 ಇಂಚಿನ ಚಿಕ್ಕ ಟೈರು ಸಾಕು, ಬ್ರೇಕ್ ಪ್ಯಾಡ್ ಬೇಗ ಸವೆಯುವುದಿಲ್ಲ.

ಈಗ ಕಷ್ಟ. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಎರಡನೇ ವರ್ಷ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಕಾರ್ಪೆಟ್ ಒತ್ತಿದರೆ ನೀರು. ಟಾಪಿನ ಮೇಲೆ ಬಿದ್ದ ನೀರು ಸೀಟಿನ ಹಿಂದೆ, ಎರಡೂ ಮೂಲೆಯಲ್ಲಿರುವ ತೂತಿನಿಂದ ಕೆಳಕ್ಕೆ ಹೋಗಬೇಕು. ಅದರಲ್ಲಿ ಎಲೆ, ಮಣ್ಣು ಕಟ್ಟಿಕೊಂಡಿತ್ತು. ದಪ್ಪ ಪ್ಲಾಸ್ಟಿಕ್ ದಾರ ತೂರಿಸಿ ನಿಧಾನಕ್ಕೆ ಆಡಿಸಿದೆ. ಕಾಫಿ ಬಣ್ಣದ ನೀರು ಬುಳಕ್ ಅಂತ ಕೆಳಗೆ ಬಿತ್ತು. ಕಾರ್ಪೆಟ್ ಒಣಗಲು ನಾಲ್ಕು ದಿನ ಬೇಕಾಯಿತು. ಹಿಂದಿನ ಕಿಟಕಿಯೂ ಪ್ಲಾಸ್ಟಿಕ್ಕೇ, ಬಿಸಿಲಿಗೆ ಮಬ್ಬಾಗುತ್ತದೆ. ಜಿಪ್ ಬಿಚ್ಚದೆ ಟಾಪ್ ಇಳಿಸಿದರೆ ಮಡಿಕೆ ಬಿದ್ದು ಸೀಳುತ್ತದೆ.

ಇವೆಲ್ಲ ಸಣ್ಣವು. ನನಗೆ ನಿಜವಾಗಿ ಭಯ ಆಗುವುದು 880 ಫ್ರೀವೇಯಲ್ಲಿ. ಓಕ್‌ಲ್ಯಾಂಡ್ ಬಂದರಿನ ಕಂಟೈನರ್ ಲಾರಿಗಳು ಓಡಾಡುವ ದಾರಿ ಅದು. ಲಾರಿಯ ಚಕ್ರ ನನ್ನ ಕಿವಿಯ ಮಟ್ಟಕ್ಕೆ ತಿರುಗುತ್ತಿರುತ್ತದೆ, ಅದರ ಡ್ರೈವರ್‌ಗೆ ನಾನು ಕಾಣುತ್ತೇನೋ ಇಲ್ಲವೋ. ಈ ಕಾರಿನಲ್ಲಿ ಮುಂದೆ ಎರಡು ಏರ್‌ಬ್ಯಾಗ್ ಇವೆ, ಪಕ್ಕದಿಂದ ಗುದ್ದಿದರೆ ಕಾಪಾಡುವುದು ಇಲ್ಲ. ಡಿಕ್ಕಿಯಾದರೆ ಪೆಟ್ಟು ಜಾಸ್ತಿ ತಿನ್ನುವುದು ಹಗುರವಾದದ್ದೇ. ತಿರುವಿನಲ್ಲಿ ಸುಖ ಕೊಡುವ ಅದೇ ತೂಕ ಇಲ್ಲಿ ನಮ್ಮ ವಿರುದ್ಧ ನಿಲ್ಲುತ್ತದೆ. ಮಗಳಿಗೆ ಎಂಟು ವರ್ಷ. ಪ್ರತಿ ಭಾನುವಾರ ಕೇಳುತ್ತಾಳೆ. ಇದರಲ್ಲಿ ಅವಳನ್ನು ಫ್ರೀವೇಗೆ ಕರೆದುಕೊಂಡು ಹೋಗಿಲ್ಲ, ಹೋಗುವುದೂ ಇಲ್ಲ.

ಹೋದ ವರ್ಷ ಅಪ್ಪ ಅಮ್ಮ ಬಂದಿದ್ದರು. "ಇಬ್ಬರನ್ನೂ ಒಟ್ಟಿಗೆ ಕೂರಿಸೋಕಾಗದ ಕಾರು ಯಾಕೋ?" ಅಂತ ಅಮ್ಮ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಮಂಡಿನೋವು. ಬಾಗಿಲು ಹಿಡಿದುಕೊಂಡು, ಒಂದೊಂದೇ ಕಾಲು ಒಳಗಿಟ್ಟು ಕೂತರು. ಬೆಟ್ಟ ಹತ್ತುವಾಗ ಮಾತೇ ಇಲ್ಲ. ಕಿವಿ ಎಲ್ಲ ಎಂಜಿನ್ ಕಡೆ. ಆಮೇಲೆ ಮೆಲ್ಲಗೆ, "ಮೂರಕ್ಕೆ ಹಾಕೋ, ಕೂಗ್ತಾ ಇದೆ" ಅಂದರು. ವಾಪಸ್ ಬಂದಾಗ ಅವರನ್ನು ಎತ್ತಿ ನಿಲ್ಲಿಸಬೇಕಾಯಿತು. ಮಾರನೇ ದಿನ ಬೆಳಿಗ್ಗೆ ತಾವೇ ಹೊರಗೆ ಹೋಗಿ, ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೈರು ಒತ್ತಿ ನೋಡಿದರು.

ತಮ್ಮಾ, ಮನೆಯಲ್ಲಿ ಇನ್ನೊಂದು ಕಾರು ಇದ್ದರೆ, ನಿಲ್ಲಿಸಲು ನೆರಳು ಇದ್ದರೆ, ಮನೆಯವರು ಒಪ್ಪಿದರೆ ತಗೋ. ಇರುವುದೊಂದೇ ಕಾರು ಇದಾಗುವುದಾದರೆ ಬೇಡ. ಸುಮ್ನೆ ಫೋಟೋ ನೋಡಿ ಮುಂಗಡ ಕೊಡಬೇಡ. ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ತಗಡಿಗೆ ತುಕ್ಕು ಹಿಡಿದಿದೆಯಾ ನೋಡು, ಕಾರ್ಪೆಟ್ ಒತ್ತಿ ನೋಡು. ಶನಿವಾರ ಬೆಳಿಗ್ಗೆ 7 ಗಂಟೆಗೆ ಮನೆಗೆ ಬಾ. ನೀನೇ ಓಡಿಸು. ಮೊದಲು ಲಾರಿಗಳ ನಡುವೆ 880, ಆಮೇಲೆ ಡಂಬಾರ್ಟನ್ ಸೇತುವೆ ದಾಟಿ 84.