ನಾಲ್ಕು ಕಾಲಿನ ಬಾಣಂತಿ

ಮನೆಯಲ್ಲಿ ಮುಧೋಳ ನಾಯಿ ಮರಿ ಹಾಕುವುದೆಂದರೆ ಮಗಳು ಹೆರಿಗೆಗೆ ತವರಿಗೆ ಬಂದಂತೆಯೇ. ವ್ಯತ್ಯಾಸ ಎರಡೇ. ಮಗಳು ಹೆರುವುದು ಒಂದನ್ನು, ನಾಯಿ ಆರೇಳನ್ನು. ಮಗಳು ಹಿರಿಯರ ಸಲಹೆಯಲ್ಲಿ ಅರ್ಧವನ್ನಾದರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾಳೆ; ನಾಯಿ ಪಾಪ, ಕೊಟ್ಟಿದ್ದನ್ನೆಲ್ಲ ತಿನ್ನುತ್ತದೆ. ಅವಘಡಗಳೆಲ್ಲ ಶುರುವಾಗುವುದು ಅಲ್ಲಿಂದಲೇ.

ಮುಧೋಳ, ಲೋಕಾಪುರ, ಜಮಖಂಡಿ ಕಡೆಯ ಎಷ್ಟೋ ಮನೆಗಳಿಗೆ ಕುನ್ನಿ ಸಾಕಿ ಮಾರುವುದು ಹೊಲದ ಜೊತೆಗಿನ ಉಪಕಸುಬು. ಮುಧೋಳವನ್ನಾಳಿದ ಘೋರ್ಪಡೆ ರಾಜರು ಸಾಕಿ ಬೆಳೆಸಿದ ತಳಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಹೋದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ. ಅಂಚೆಯವನು ಓಣಿಗೆ ಬಂದರೆ ಬೆನ್ನಟ್ಟುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಬಾಣಂತನ ಮಾಡುವುದು ಕೇಂದ್ರವಲ್ಲ, ಆಯಿ, ಅಂದರೆ ಮನೆಯ ಅಜ್ಜಿ. ಹತ್ತು ಹೆರಿಗೆ ಮಾಡಿಸಿದ ಕೈ ಅದು, ಮಾತಾಡುವ ಹಾಗೇ ಇಲ್ಲ.

ಮೊದಲ ಜಗಳ ದಿನ ಎಣಿಸುವುದರಲ್ಲಿ. ನಾಯಿಯ ಗರ್ಭ 63 ದಿನ ಎಂದು ಎಲ್ಲರೂ ಬಲ್ಲರು. ಜೋಡಿ ಮಾಡಿಸಿದ ದಿನ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟಿಟ್ಟು, 63 ಎಣಿಸಿ, ಆ ದಿನ ಮನೆಮಂದಿಯೆಲ್ಲ ಕೆಲಸ ಬಿಟ್ಟು ಕೂಡುತ್ತಾರೆ. ನಾಯಿ ಮಜವಾಗಿ ಮಲಗಿರುತ್ತದೆ. ಗಂಡಿನ ವೀರ್ಯ ಹೊಟ್ಟೆಯೊಳಗೆ ನಾಲ್ಕೈದು ದಿನ ಜೀವಂತವಿರಬಲ್ಲದು. ಜೋಡಿಯಾದ ದಿನವೇ ಬಸುರು ನಿಂತಿರಬೇಕೆಂದಿಲ್ಲ. ಹಾಗಾಗಿ 58ಕ್ಕೂ ಹಾಕಬಹುದು, 68ಕ್ಕೂ ಹಾಕಬಹುದು. ಕ್ಯಾಲೆಂಡರಿಗಿಂತ ಥರ್ಮಾಮೀಟರನ್ನು ನಂಬುವುದು ಲೇಸು.

ಥರ್ಮಾಮೀಟರಿನದೇ ಒಂದು ಪುರಾಣ. 57ನೇ ದಿನದಿಂದ ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ, ಹೀಗೆ ಮೂರು ಹೊತ್ತು ನಾಯಿಯ ಜ್ವರ ನೋಡಬೇಕು. ತುದಿಗೆ ವ್ಯಾಸಲೀನ್ ಸವರಿ ಬಾಲದ ಕೆಳಗೆ ಒಂದಿಂಚು ಒಳಗೆ. ಇದಕ್ಕೆಂದೇ ಬೇರೆ ಥರ್ಮಾಮೀಟರು ತಂದು, ಕೆಂಪು ಟೇಪು ಸುತ್ತಿ, ದೇವರ ಕೋಣೆಯ ಪಕ್ಕದ ಗೂಡಿನಲ್ಲಲ್ಲ, ದನದ ಕೊಟ್ಟಿಗೆಯಲ್ಲಿ ಇಡಬೇಕು. ಇಲ್ಲವಾದರೆ ಮುತ್ಯಾನ (ಅಜ್ಜನ) ಚಳಿಜ್ವರದ ದಿನ ಅದು ಯಾರ ನಾಲಗೆಯ ಕೆಳಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ನಾಯಿಯ ಮಾಮೂಲಿ ಉಷ್ಣತೆ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ಹೆರಿಗೆಗೆ ಹನ್ನೆರಡರಿಂದ ಇಪ್ಪತ್ನಾಲ್ಕು ತಾಸು ಮುಂಚೆ ಅದು 99ಕ್ಕಿಂತ ಕೆಳಗಿಳಿಯುತ್ತದೆ. ಮನೆಯವರು ಎಡವುವುದು ಇಲ್ಲೇ. ನಾಯಿಗೆ 98.4 ಬಂದ ರಾತ್ರಿ ನೋಡಿದವರು, “ತೊಂಬತ್ತೆಂಟೂವರಿ ಐತಿ, ನಾರ್ಮಲ್. ಹೋಗಿ ಮಲ್ಕೋರಿ” ಎಂದು ದೀಪ ಆರಿಸುತ್ತಾರೆ. ಮನುಷ್ಯರಿಗೆ ಅದು ಆರೋಗ್ಯ, ನಾಯಿಗೆ ಅದು ಹೆರಿಗೆಯ ಓಲೆ. ಬೆಳಗಾಗುವಷ್ಟರಲ್ಲಿ ಮಂಚದ ಕೆಳಗಿನ ಟ್ರಂಕಿನ ಹಿಂದೆ ನಾಲ್ಕು ಮರಿ.

ಮಂಚದ ಕೆಳಗೇ ಏಕೆ? ಅದಕ್ಕೆಂದು ಮಾಡಿಸಿದ ಪೆಟ್ಟಿಗೆಯನ್ನು ಅದು ಒಪ್ಪಿಲ್ಲ, ಅಷ್ಟೇ. ನಾಲ್ಕು ಅಡಿ ಚೌಕದ ಪ್ಲೈವುಡ್ ಪೆಟ್ಟಿಗೆ, ಗೋಡೆ ಒಂದೂವರೆ ಅಡಿ, ಮುಂದೆ ಅರ್ಧ ಅಡಿ ಹೊಸ್ತಿಲು. ಒಳಗೆ ಸುತ್ತಲೂ ನೆಲದಿಂದ ನಾಲ್ಕಿಂಚು ಮೇಲೆ, ಗೋಡೆಯಿಂದ ನಾಲ್ಕಿಂಚು ಒಳಗೆ ಪಿವಿಸಿ ಪೈಪಿನ ಕಂಬಿ. ತಾಯಿ ಗೋಡೆಗೆ ಒರಗಿ ಮಲಗಿದಾಗ ಬೆನ್ನ ಹಿಂದೆ ಸಿಕ್ಕ ಮರಿ ಚಪ್ಪಟೆಯಾಗದೆ ಆ ಸಂದಿನಲ್ಲಿ ಉಳಿಯಲಿ ಎಂದು. ಬಡಗಿ ಇದನ್ನು ಚೆಂದಕ್ಕೆಂದು ತಿಳಿದು ಗೋಡೆಗೆ ಹಚ್ಚಿಯೇ ಬಡಿಯುತ್ತಾನೆ, ಮತ್ತೊಮ್ಮೆ ಕರೆಸಬೇಕು. ಪೆಟ್ಟಿಗೆಯನ್ನು ಹತ್ತು ದಿನ ಮೊದಲೇ ಇಟ್ಟು ಅದರಲ್ಲೇ ಊಟ ಹಾಕಿ ರೂಢಿ ಮಾಡಿಸದಿದ್ದರೆ, ಗೂಡು ಕಟ್ಟುವ ಹುಕಿ ಬಂದ ದಿನ ನಾಯಿ ತನಗೆ ಬೇಕಾದ ಜಾಗ ಹುಡುಕುತ್ತದೆ. ಇಳಕಲ್ ಸೀರೆ ಮಡಿಚಿಟ್ಟ ಕಪಾಟಿನ ಕೆಳಖಾನೆಗಿಂತ ಮೆತ್ತಗಿನ ಜಾಗ ಮನೆಯಲ್ಲಿ ಇನ್ನೆಲ್ಲಿದೆ?

ಹೆರಿಗೆಯ ಹೊತ್ತಿನಲ್ಲಿ ನಗುವಂಥದ್ದು ಕಡಿಮೆ. ಜೋರಾಗಿ ಮುಕ್ಕುತ್ತ ಅರ್ಧ ತಾಸಾದರೂ ಮರಿ ಬರಲಿಲ್ಲವೆಂದರೆ, ಇಲ್ಲವೇ ಮೊದಲ ಮರಿಗಿಂತ ಮುಂಚೆಯೇ ಕಡುಹಸಿರು ಸ್ರಾವ ಕಂಡರೆ, ಡಾಕ್ಟರಿಗೆ ಫೋನು ಮಾಡಬೇಕು. ಮಾಸು ಬಿಟ್ಟಿದೆ, ಮರಿಗೆ ಉಸಿರಿನ ದಾರಿ ಮುಚ್ಚುತ್ತಿದೆ ಎಂದು ಅದರ ಅರ್ಥ. ಮೊದಲ ಮರಿ ಬಂದ ಮೇಲೆ ಅದೇ ಹಸಿರು ಮಾಮೂಲು. ಎರಡು ಮರಿಗಳ ನಡುವೆ ನಾಯಿ ಒಂದು ತಾಸು ಸುಮ್ಮನೆ ಮಲಗಿದರೆ ಗಾಬರಿಯಿಲ್ಲ. ಒಳಗೆ ಮರಿ ಇದ್ದೂ ಎರಡು ತಾಸು ದಾಟಿದರೆ ಇದೆ. ಒಳಗೆ ಎಷ್ಟಿವೆ ಎಂದು ತಿಳಿಯಲು 55ನೇ ದಿನದ ಮೇಲೆ ಒಂದು ಎಕ್ಸ್‌ರೇ ತೆಗೆಸಿರಬೇಕು. ಅದಕ್ಕೂ ಮುಂಚೆ ಎಲುಬು ಗಟ್ಟಿಯಾಗಿರುವುದಿಲ್ಲ, ಫಿಲ್ಮಿನಲ್ಲಿ ಎಣಿಸಲು ಸಿಗುವುದಿಲ್ಲ.

ಉಸಿರಾಡದ ಮರಿಯನ್ನು ತಲೆಕೆಳಗಾಗಿ ಹಿಡಿದು ಗರಗರ ಬೀಸುವ ಹಳೆಯ ಪದ್ಧತಿಯೊಂದಿದೆ. ನೋಡುವವರಿಗೆ ಭಾರೀ ಕೆಲಸ ನಡೆದಂತೆ ಕಾಣುತ್ತದೆ. ಮರಿಯ ಮಿದುಳಿನಲ್ಲಿ ರಕ್ತ ಒಸರುತ್ತದೆ. ಮೂಗು-ಬಾಯಿಯ ಲೋಳೆ ಒರೆಸಿ, ಒರಟು ಟವೆಲಿನಲ್ಲಿ ಬೆನ್ನು ತಿಕ್ಕಬೇಕು, ಅದು ಸಿಟ್ಟಿಗೆದ್ದು ಚೀರುವ ತನಕ.

ಹುಟ್ಟಿದ ಕೂಡಲೇ ಊರಿಗೆಲ್ಲ ಸುದ್ದಿ: “ಐದ್ ಗಂಡು, ಒಂದ್ ಹೆಣ್ಣು!” ವಾರದ ಮೇಲೆ ನೋಡಿದರೆ ಮೂರು ಗಂಡು, ಮೂರು ಹೆಣ್ಣು. ಯಾವ ಮರಿಯೂ ಬದಲಾಗಿಲ್ಲ. ಲೆಕ್ಕ ಮಾಡಿದವರು ಹೊಕ್ಕುಳಬಳ್ಳಿಯ ತುಂಡನ್ನು ಗಂಡಿನ ಗುರುತೆಂದು ಎಣಿಸಿದ್ದರು. ಗಂಡಿನ ಗುರುತು ಹೊಕ್ಕುಳಕ್ಕೆ ತುಸು ಕೆಳಗೆ, ಹೆಣ್ಣಿನದು ಬಾಲದ ಬುಡದಲ್ಲಿ. ಹೊಟ್ಟೆ ನೋಡಿ ಹೇಳಬಾರದು, ಬಾಲ ಎತ್ತಿ ಹೇಳಬೇಕು. ಅಷ್ಟರಲ್ಲಿ ಇಬ್ಬರಿಂದ ಗಂಡುಮರಿಗೆ ಮುಂಗಡ ಇಸಿದುಕೊಂಡಾಗಿರುತ್ತದೆ.

ಇನ್ನು ಬಾಣಂತಿಯ ಊಟ. ಆಯಿಯ ಸಾಮ್ರಾಜ್ಯ. ಅಂಟಿನುಂಡಿ ಕಟ್ಟದೆ ಬಾಣಂತನವೇ? ಗೋಂದು, ಉತ್ತತ್ತಿ, ಕೊಬ್ಬರಿ, ಬೆಲ್ಲ, ಗೋಡಂಬಿ, ಮೇಲಿಷ್ಟು ಒಣದ್ರಾಕ್ಷಿ. ಈ ಒಣದ್ರಾಕ್ಷಿಯಿದೆಯಲ್ಲ, ಮನುಷ್ಯರಿಗೆ ತಂಪು, ನಾಯಿಯ ಮೂತ್ರಪಿಂಡಕ್ಕೆ ವಿಷ. ಯಾವ ನಾಯಿಗೆ ಎಷ್ಟು ತಿಂದರೆ ಕೆಡುತ್ತದೆಂಬ ಗ್ಯಾರಂಟಿ ಇಲ್ಲದ್ದರಿಂದ ಒಂದೂ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರೂ ಬೇಡ. ಕೆಂಪು ರಕ್ತಕಣ ಒಡೆಯುತ್ತವೆ. ಇದನ್ನು ಹೇಳಿದರೆ, “ನಾ ಆರ್ ಮಂದೀನ ಹಡದು ಉಂಡಿ ತಿಂದಾಕಿ, ಏನಾಗೈತಿ ನನಗ?” ಎಂಬ ಉತ್ತರ ಬರುತ್ತದೆ. ಉಂಡಿ ಡಬ್ಬಿಯನ್ನು ಅಟ್ಟಕ್ಕೇರಿಸುವುದೊಂದೇ ದಾರಿ. ಜೋಳದ ರೊಟ್ಟಿಯನ್ನು ಮಾಂಸದ ಸಾರಿನಲ್ಲಿ ನೆನೆಸಿ, ಬೇಯಿಸಿದ ತತ್ತಿ ಹಾಕಿ, ದಿನಕ್ಕೆ ನಾಲ್ಕು ಸಲ ಕೊಡಲಿ, ಯಾರೂ ಬೇಡವೆನ್ನುವುದಿಲ್ಲ. ಮೂರನೇ ವಾರ ಹಾಲು ಏರಿದಾಗ ನಾಯಿಗೆ ಮಾಮೂಲಿನ ಎರಡು-ಮೂರು ಪಟ್ಟು ಊಟ ಬೇಕು.

ಇದಕ್ಕಿಂತ ದೊಡ್ಡ ಅವಾಂತರ ಕ್ಯಾಲ್ಸಿಯಂ ಬಾಟಲಿಯದು. ಬಸುರಿ ನಾಯಿ ನೋಡಿದವರೆಲ್ಲ “ಕ್ಯಾಲ್ಸಿಯಂ ಹಾಕ್ರಿ” ಎನ್ನುತ್ತಾರೆ, ಮೆಡಿಕಲ್ ಅಂಗಡಿಯವನೂ ಕೇಳದೆಯೇ ಕೊಡುತ್ತಾನೆ. ಎಲುಬಿನಲ್ಲಿರುವ ಕ್ಯಾಲ್ಸಿಯಂ ಅನ್ನು ಬೇಕಾದಾಗ ರಕ್ತಕ್ಕೆ ಇಳಿಸುವ ಗ್ರಂಥಿಯೊಂದು ಕುತ್ತಿಗೆಯಲ್ಲಿದೆ. ಬಸುರಿನಲ್ಲಿ ಎರಡು ತಿಂಗಳು ಬಾಟಲಿಯಿಂದ ಪುಕ್ಕಟೆ ಬಂದರೆ ಅದು ಮನೆ ಅಳಿಯನಂತೆ ಸೋಮಾರಿಯಾಗುತ್ತದೆ. ಆರು ಮರಿ ಒಟ್ಟಿಗೆ ಚೀಪುವ ಹೊತ್ತಿಗೆ ಎಬ್ಬಿಸಿದರೆ ಏಳುವುದಿಲ್ಲ. ಆಗ ನಾಯಿ ತೇಕುತ್ತದೆ, ಕಾಲು ಸೆಟೆದು ಮರಗಾಲಿನವರಂತೆ ನಡೆಯುತ್ತದೆ, ನಡುಗುತ್ತದೆ. ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸುತ್ತ ಕೂತರೆ ಫಿಟ್ಸ್ ಬಂದು ಸಾಯುತ್ತದೆ. ಮರಿಗಳನ್ನು ಮೊಲೆಯಿಂದ ಬಿಡಿಸಿ, ಆ ಕ್ಷಣವೇ ಡಾಕ್ಟರ ಬಳಿ ಒಯ್ಯಬೇಕು. ರಕ್ತನಾಳಕ್ಕೆ ನಿಧಾನವಾಗಿ, ಎದೆಬಡಿತ ಕೇಳುತ್ತ ಕ್ಯಾಲ್ಸಿಯಂ ಏರಿಸಿದರೆ ನೋಡನೋಡುತ್ತಲೇ ಎದ್ದು ಕೂರುತ್ತದೆ.

ಬಡಕಲು ಮರಿಗೆ ಕೈಯಾರೆ ಹಾಲು ಹಾಕುವ ಪ್ರಸಂಗ ಬಂದಾಗ ಆಯಿ ಅಟ್ಟದಿಂದ ಒಳಲೆ ಇಳಿಸುತ್ತಾಳೆ. ಮರಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಕೂಸಿಗೆ ಹೊಯ್ದಂತೆ ಹೊಯ್ಯುವುದು. ಹಾಲು ಮೂಗಿನಿಂದ ವಾಪಸು ಬಂತೆಂದರೆ ಶ್ವಾಸಕೋಶಕ್ಕೂ ಹೋಗಿದೆ ಎಂದು ತಿಳಿಯಬೇಕು. ಎರಡು ದಿನಕ್ಕೆ ನ್ಯುಮೋನಿಯಾ. ಮರಿ ಕುಡಿಯಬೇಕಾದದ್ದು ಬೋರಲಾಗಿ, ತಾಯಿಯ ಹೊಟ್ಟೆಯ ಮೇಲೆ ಇದ್ದಂತೆಯೇ, ತಲೆ ತುಸು ಮೇಲೆತ್ತಿ. ಹಸುವಿನ ಹಾಲಂತೂ ನಾಯಿಹಾಲಿನ ಮುಂದೆ ಬರೀ ನೀರು, ಸಕ್ಕರೆ ಅಂಶ ಮಾತ್ರ ಜಾಸ್ತಿ, ಭೇದಿ ಖಾತ್ರಿ. ಮರಿಗೆಂದೇ ಸಿಗುವ ಪುಡಿಹಾಲು ತಂದಿಟ್ಟಿರಬೇಕು. ಮತ್ತೆ, ತಣ್ಣಗಾದ ಮರಿಗೆ ಹಾಲು ಹಾಕಲೇಬಾರದು. ಮೈ 95 ಡಿಗ್ರಿಗಿಂತ ಇಳಿದಿದ್ದರೆ ಕರುಳು ಕೆಲಸ ನಿಲ್ಲಿಸಿರುತ್ತದೆ, ಹಾಲು ಹೊಟ್ಟೆಯಲ್ಲೇ ಹುಳಿಯುತ್ತದೆ. ಮೊದಲು ಮಡಿಲಲ್ಲಿಟ್ಟು ನಿಧಾನವಾಗಿ ಬೆಚ್ಚಗೆ ಮಾಡಬೇಕು. ಈ ಕೆಲಸಕ್ಕೆ ಆಯಿಯ ಸೆರಗಿಗಿಂತ ಒಳ್ಳೆಯ ಯಂತ್ರ ಇನ್ನೂ ಬಂದಿಲ್ಲ ಎಂದು ಒಪ್ಪಿಕೊಳ್ಳಬೇಕು. ಮನೆಯಲ್ಲಿ ಅರ್ಧ ದಿನ ಶಾಂತಿಯೂ ಇರುತ್ತದೆ.

ಮರಿ ಬಡಕಲೋ ಅಲ್ಲವೋ ಎಂದು ಹೇಳಬೇಕಾದದ್ದು ಕಣ್ಣಲ್ಲ, ತಕ್ಕಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅದರ ಮೇಲೊಂದು ಬುಟ್ಟಿ, ಸೊನ್ನೆ ಒತ್ತಿ ಮರಿ ಇಡುವುದು. ದಿನಾ ಅದೇ ಹೊತ್ತಿಗೆ. ಮೊದಲ ದಿನ ತುಸು ಇಳಿದರೆ ನಡೆಯುತ್ತದೆ. ಆಮೇಲೆ ಪ್ರತಿದಿನ ನೂರಕ್ಕೆ ಐದರಿಂದ ಹತ್ತು ಏರಬೇಕು. 350 ಗ್ರಾಂ ಹುಟ್ಟಿದ್ದು ಹತ್ತನೇ ದಿನದ ಆಸುಪಾಸು 700 ಮುಟ್ಟಿರಬೇಕು. ಎರಡು ದಿನ ನಿಂತಲ್ಲೇ ನಿಂತರೆ ಏನೋ ಕೆಟ್ಟಿದೆ. ಆದರೆ ಆರೂ ಮರಿ ಒಂದೇ ಬಣ್ಣವಿದ್ದರೆ ನಿನ್ನೆಯ ಮರಿ ಯಾವುದು, ಇಂದಿನದು ಯಾವುದು? ಕೊರಳಿಗೆ ಬಣ್ಣಬಣ್ಣದ ಉಲನ್ ದಾರ ಕಟ್ಟುತ್ತೇವೆ. ತಾಯಿ ಅದನ್ನು ಕಸವೆಂದು ತಿಳಿದು ನೆಕ್ಕಿ ನೆಕ್ಕಿ ಬಿಚ್ಚುತ್ತದೆ. ಪುಸ್ತಕದಲ್ಲಿ ‘ಕೆಂಪು’ ಒಂದೇ ರಾತ್ರಿಗೆ 90 ಗ್ರಾಂ ಇಳಿದು, ‘ಹಸಿರು’ 90 ಗ್ರಾಂ ಏರಿತೆಂದರೆ ಡಾಕ್ಟರಿಗೆ ಫೋನು ಮಾಡುವ ಮುಂಚೆ ದಾರ ಕಟ್ಟಿದವರನ್ನು ವಿಚಾರಿಸಬೇಕು. ದಾರವನ್ನು ಮೂರು ದಿನಕ್ಕೊಮ್ಮೆ ಸಡಿಲ ಮಾಡುವುದನ್ನೂ ಮರೆಯಬಾರದು. ಕೊರಳು ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ.

ಎರಡನೇ ವಾರಕ್ಕೆ ಜಂತಿನ ಔಷಧಿ, ಆಮೇಲೆ ನಾಲ್ಕು, ಆರು, ಎಂಟನೇ ವಾರಕ್ಕೆ, ತೂಕ ನೋಡಿ. ತಾಯಿ ಎಷ್ಟೇ ಚೊಕ್ಕವಿದ್ದರೂ ದುಂಡುಹುಳು ಹೊಟ್ಟೆಯಲ್ಲೇ ಮರಿಗೆ ದಾಟಿರುತ್ತದೆ. ಔಷಧಿ ಹಾಕಿದ ಮರುದಿನ ಪೆಟ್ಟಿಗೆಯಲ್ಲಿ ಕಾಣುವ ದೃಶ್ಯ ಬೇಯಿಸಿದ ಶಾವಿಗೆಯನ್ನು ಹೋಲುತ್ತದೆ. ಆ ತಿಂಗಳು ಮನೆಯಲ್ಲಿ ಯಾರೂ ಶಾವಿಗೆ ಪಾಯಸ ಕೇಳುವುದಿಲ್ಲ. ಮಕ್ಕಳ ಕೈ ಸಾಬೂನಿನಿಂದ ತೊಳೆಸುವುದು ಇದೇ ಕಾರಣಕ್ಕೆ. ಆ ಹುಳುವಿಗೆ ಮನುಷ್ಯರ ಮೈಯೂ ನಡೆಯುತ್ತದೆ.

ಮೂರು ವಾರ ತುಂಬಿದ ಮರಿ ಮಲಗುವ ಜಾಗ ಬಿಟ್ಟು ದೂರ ಹೋಗಿ ಉಚ್ಚೆ ಹೊಯ್ಯಲು ಕಲಿಯುತ್ತದೆ. ಆಗ ಕಾಲಡಿ ಏನಿರುತ್ತದೋ ಅದನ್ನೇ ಜನ್ಮಕ್ಕೆ ಪಾಯಖಾನೆ ಎಂದು ನಂಬುತ್ತದೆ. ಅಗ್ಗವೆಂದು ಹಳೆಯ ಪೇಪರು ಹಾಸಿ ಕಲಿಸಿದಿರೋ, ಅಂಗಳದಲ್ಲಿ ಮುತ್ಯಾ ನೆಲದ ಮೇಲೆ ಹರವಿಕೊಂಡು ಓದುವ ಇವತ್ತಿನ ಪೇಪರಿಗೂ ಅದೇ ಗತಿ. ಮುಖಪುಟದ ಸುದ್ದಿಗೆ ಇಷ್ಟು ನೇರ ವಿಮರ್ಶೆ ಬೇರೆಲ್ಲೂ ಸಿಗದು. ಒಂದು ಮೂಲೆಗೆ ಮಣ್ಣು ಅಥವಾ ಹುಲ್ಲು ಹಾಕಿ, ಎದ್ದ ಕೂಡಲೇ, ಉಂಡ ಹತ್ತು-ಹದಿನೈದು ನಿಮಿಷಕ್ಕೆ ಅಲ್ಲಿಗೆ ಬಿಡುವುದು ಕೊಳ್ಳುವವರಿಗೂ ಉಪಕಾರ.

ಕೊಳ್ಳುವವರು ತಿಂಗಳು ತುಂಬುತ್ತಲೇ ಬಾಗಿಲಿಗೆ ಬರುತ್ತಾರೆ: “ತಿಂಗಳಾತಲ್ರೀ, ಕೊಡ್ರಿನ್ನ.” ಎಂಟು ವಾರಕ್ಕಿಂತ ಮುಂಚೆ ಮಾರಬಾರದೆಂದು 2017ರ ನಾಯಿ ಸಾಕಣೆ ನಿಯಮವೇ ಹೇಳುತ್ತದೆ. ಕಾನೂನು ಬದಿಗಿಟ್ಟರೂ, ಕಡಿತದ ಅಳತೆ ಮರಿ ಕಲಿಯುವುದು ಒಡಹುಟ್ಟಿದವರಿಂದ. ಜೋರಾಗಿ ಕಚ್ಚಿದರೆ ಎದುರಿನದು ಚೀರಿ ಆಟ ಬಿಡುತ್ತದೆ. ಈ ಪಾಠ ಆಗದೆ ಹೋದ ಮರಿ ಅದನ್ನು ಕೊಂಡವರ ಹಿಮ್ಮಡಿಯ ಮೇಲೆ ಕಲಿಯುತ್ತದೆ. ಬಂದವರ ಚಪ್ಪಲಿಯನ್ನು ಗೇಟಿನ ಹೊರಗೇ ಬಿಡಿಸಬೇಕು. ನಾಲ್ಕು ಮನೆಯ ಮರಿ ನೋಡಿ ಬಂದ ಚಪ್ಪಲಿಯಲ್ಲಿ ಪಾರ್ವೋ ಎಂಬ, ಮರಿಗಳಿಗೆ ವಾಂತಿ-ಭೇದಿ ಹಚ್ಚುವ ವೈರಸ್ ಬರುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲಿನ ವಾಸನೆಗೆ ನಮಗಿರುವ ಭಯ ಅದಕ್ಕಿಲ್ಲ. ಮೊದಲು ಸಾಬೂನಿನಿಂದ ತಿಕ್ಕಿ, ಆಮೇಲೆ ಬಟ್ಟೆಗೆ ಹಾಕುವ ಬ್ಲೀಚ್ ದ್ರವ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆಲದ ಮೇಲೆ ನಿಲ್ಲಿಸಬೇಕು. ಎರಡನ್ನೂ ಬೆರೆಸಿದರೆ ಜೋರು ಎಂದು ಬ್ಲೀಚಿಗೆ ಆಸಿಡ್ ಸೇರಿಸುವ ಶೂರರೂ ಇದ್ದಾರೆ. ಏಳುವ ಗಾಳಿ ಮೊದಲು ಹೊರಗೆ ಓಡಿಸುವುದು ಅವರನ್ನೇ.

ಮರಿಗಳೆಲ್ಲ ಹೋದ ಮೇಲೂ ಒಂದು ಕೆಲಸ ಉಳಿಯುತ್ತದೆ: ಹಾಲು ಬತ್ತಿಸುವುದು. ಮೊದಲ ದಿನ ಬರೀ ನೀರು, ಎರಡನೇ ದಿನ ಕಾಲು ಊಟ, ಮೂರನೇ ದಿನ ಅರ್ಧ, ನಾಲ್ಕಕ್ಕೆ ಮುಕ್ಕಾಲು. ಊಟ ನಿಂತರೆ ಹಾಲು ನಿಲ್ಲುತ್ತದೆ, ಇಲ್ಲವಾದರೆ ಕೆಚ್ಚಲು ಬಾತು ಕಾವೇರುತ್ತದೆ. ಕಾಗದದ ಮೇಲೆ ಬಲು ಸುಲಭ. “ಬಾಣಂತೀನ ಉಪಾಸ ಕೆಡವ್ತೀರೇನೋ, ದೇವ್ರು ನೋಡಾಕತ್ತಾನ” ಎಂದು ಆಯಿ ಬಾಗಿಲಲ್ಲಿ ನಿಂತಿರುತ್ತಾಳೆ. ನಾಲ್ಕನೇ ದಿನವೂ ಕೆಚ್ಚಲು ಇಳಿಯದೆ, ನಾಯಿ ಅಡುಗೆಮನೆಯ ಹಿಂಬಾಗಿಲಲ್ಲೇ ಬಾಲ ಅಲ್ಲಾಡಿಸುತ್ತ ಕೂತಿದ್ದರೆ, ಡಾಕ್ಟರನ್ನು ಕರೆಯುವ ಮುಂಚೆ ಬುಟ್ಟಿಯಲ್ಲಿನ ರೊಟ್ಟಿ ಎಣಿಸಬೇಕು.