ಕಾನೂನು ಓದಿನ ಮೊದಲ ವರ್ಷ: ಮೂಲ ಪರಿಕಲ್ಪನೆ ಮೊದಲೋ, ಪಹಣಿ ಮೊದಲೋ?

ರಾಯಚೂರು, ಕೊಪ್ಪಳ ಭಾಗದಲ್ಲಿ ಕಾನೂನು ಓದಲು ಬರುವ ಹೊಸಬರಿಗೆ ಹಕ್ಕು, ಸ್ವಾಧೀನ, ಉದ್ದೇಶ ಇಂಥ ಮೂಲ ಪರಿಕಲ್ಪನೆಗಳನ್ನೇ ಮೊದಲು ಹೇಳಿಕೊಡಬೇಕೇ?

ಪರ

ಕಲಂ ನಂಬರ್ ಬಾಯಿಪಾಠ ಮಾಡಿದವರ ಪಾಡು 2024ರ ಜುಲೈ 1ರಂದು ಏನಾಯಿತು ನೋಡಿ. ಅಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು, 1860ರ ಐಪಿಸಿ ಹೋಯಿತು. ಕೊಲೆಯ 302 ಈಗ 103. ವಂಚನೆಯ 420 ಈಗ 318ರೊಳಗಿದೆ. ಆದರೆ ಕೊಲ್ಲುವ ಉದ್ದೇಶ ಇತ್ತೋ ಇಲ್ಲವೋ ಎಂಬ ಪ್ರಶ್ನೆ ಇದ್ದಲ್ಲೇ ಇದೆ. ಅದನ್ನು ಕೇಳಲು ಕಲಿತವರಿಗೆ ಹೊಸ ಪುಸ್ತಕ ಕಷ್ಟವೇನಲ್ಲ.

ಜಮೀನಿನ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ನಮ್ಮ ಕಡೆ ಪಹಣಿಯಲ್ಲಿ ಹೆಸರು ಬಂದರೆ ಸಾಕು, ಹೊಲ ನಂದೇ ಅನ್ನುತ್ತಾರೆ. ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುವುದು ಇಷ್ಟೇ: ಸುಳ್ಳೆಂದು ಸಾಬೀತಾಗುವ ತನಕ ಆ ನಮೂದನ್ನು ನಿಜ ಅಂತ ನಂಬಬೇಕು. ಪಹಣಿ ಯಾರನ್ನೂ ಮಾಲೀಕರನ್ನಾಗಿ ಮಾಡುವುದಿಲ್ಲ. ಇನ್ನು ಸ್ವಾಧೀನ, ಅಂದರೆ ಹೊಲ ಯಾರ ಕೈಯಲ್ಲಿದೆ ಅನ್ನುವುದು, ಅದರ ದಾರಿಯೇ ಬೇರೆ. ಉಳುತ್ತಿರುವವನನ್ನು ಖುದ್ದು ಮಾಲೀಕನೇ ದಬ್ಬಿ ಹೊರಹಾಕಿದ ಅಂತಿಟ್ಟುಕೊಳ್ಳಿ. ಆರು ತಿಂಗಳೊಳಗೆ ದಾವೆ ಹಾಕಿ ಅದನ್ನು ಸಾಬೀತು ಮಾಡಿದರೆ ಹೊಲ ಅವನ ಕೈಗೆ ವಾಪಸ್ ಬರುತ್ತದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಲ್ಲಿ ಮಾಲೀಕ ಯಾರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಮಾಲೀಕತ್ವ ಬೇರೆ, ಸ್ವಾಧೀನ ಬೇರೆ ಅಂತ ಗೊತ್ತಿಲ್ಲದ ವಿದ್ಯಾರ್ಥಿಗೆ ಇದು ಅನ್ಯಾಯ ಅನ್ನಿಸುತ್ತದೆ. ಗೊತ್ತಿದ್ದವರಿಗೆ ಕಲಂನ ಕಾಳಜಿ ಕಾಣುತ್ತದೆ: ಬಡಿಗೆ ಹಿಡಿದು ಹೊಲಕ್ಕೆ ಬರಬೇಡ, ಕೋರ್ಟಿಗೆ ಬಾ.

ವಿರೋಧ

ಪಹಣಿಯ ಮಾತು ಸರಿಯೇ. ಆದರೆ ಅದು ತಲೆಗೆ ಹತ್ತಿದ್ದು ಹೊಲ ಕಣ್ಮುಂದೆ ಇದ್ದದ್ದರಿಂದ, ಅಲ್ವಾ? ಪರಿಕಲ್ಪನೆಯಿಂದ ಶುರು ಮಾಡಿದರೆ ಕ್ಲಾಸಿನಲ್ಲಿ ಹಾಗಾಗುವುದು ಕಡಿಮೆ. ಹಕ್ಕಿನ ವ್ಯಾಖ್ಯೆ, ಹಕ್ಕಿನ ಲಕ್ಷಣ, ಹಕ್ಕಿನ ವಿಧ ಅಂತ ನೋಟ್ಸ್ ಬರೆಸುತ್ತಾರೆ. ದೇವದುರ್ಗದ ಕನ್ನಡ ಮಾಧ್ಯಮದ ಹುಡುಗಿ ಅದನ್ನು ಸುಮ್ನೆ ಬರೆದುಕೊಂಡು ಪರೀಕ್ಷೆಯಲ್ಲಿ ಇಳಿಸಿ ಬರುತ್ತಾಳೆ.

ಅವಳ ಮುಂದೆ ತುಂಗಭದ್ರಾ ಎಡದಂಡೆ ನಾಲೆ ಇಡಿ. ಯೋಜನೆ ಮಾಡಿದವರು ಲೆಕ್ಕ ಹಾಕಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗೆ. ಗಂಗಾವತಿ, ಸಿಂಧನೂರು ಕಡೆ ಬೆಳೆದದ್ದು ಭತ್ತ. ಕೊನೆಭಾಗದ ಮಾನ್ವಿ, ಸಿರವಾರದ ರೈತರು ನೀರು ಬಿಡಿ ಅಂತ ಮತ್ತೆ ಮತ್ತೆ ರಸ್ತೆಗೆ ಇಳಿಯಬೇಕಾಗಿದೆ. ಈಗ ಕೇಳಿ ಅವಳನ್ನು. ಆ ರೈತನಿಗೆ ನೀರಿನ ಹಕ್ಕಿದೆಯೇ? ಇದ್ದರೆ ಯಾರ ಮೇಲೆ, ಮೇಲಿನ ರೈತನ ಮೇಲೋ, ನೀರಾವರಿ ಇಲಾಖೆಯ ಮೇಲೋ? ಯಾರ ಮೇಲೂ ಇಲ್ಲ ಅಂದರೆ ಅದನ್ನು ಹಕ್ಕು ಅನ್ನಬಹುದೇ? ಒಬ್ಬರ ಹಕ್ಕಿಗೆ ಎದುರಾಗಿ ಇನ್ನೊಬ್ಬರ ಕರ್ತವ್ಯ ಇರಬೇಕು ಎಂದು ಅಮೆರಿಕದ ಕಾನೂನು ಪಂಡಿತ ಹೋಫೆಲ್ಡ್ 1913ರಲ್ಲಿ ಬರೆದರು. ಅಲ್ಲಿಗೆ ಅವಳು ತಾನಾಗಿಯೇ ಬಂದಿರುತ್ತಾಳೆ. ಹೋಫೆಲ್ಡ್ ಹೆಸರು ಆಮೇಲೆ ಹೇಳಿದರಾಯಿತು.

ಪರಿಕಲ್ಪನೆಯೇ ಬೇಡ ಅನ್ನುತ್ತಿಲ್ಲ. ಮೊದಲ ಕೆಲವು ವಾರ ಪುಸ್ತಕ ಪಕ್ಕಕ್ಕಿಡಿ. ಮಾಲೀಕರ 9ನೇ ಕಾಲಂನಲ್ಲಿ ಒಬ್ಬರ ಹೆಸರು, ಸಾಗುವಳಿದಾರರ 12ನೇ ಕಾಲಂನಲ್ಲಿ ಇನ್ನೊಬ್ಬರ ಹೆಸರು ಇರುವ ಪಹಣಿಯೊಂದನ್ನು ಹುಡುಕಿ ಅವರ ಕೈಗೆ ಕೊಡಿ. ಹೀಗೇಕೆ ಅಂತ ಅವರೇ ಕೇಳಲಿ.