ಕಣಜ ಕಾಯುವ ಡೈನೋಸಾರ್

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಡೈನೋಸಾರ್ ಸಿನಿಮಾ ನೋಡಬೇಕಾ ಬೇಡವಾ ಅಂತ ಕೇಳುವುದೇ ದಂಡ. ರಿಮೋಟ್ ನಮ್ಮ ಕೈಯಲ್ಲಿದ್ದರೆ ತಾನೇ! ಪ್ರಶ್ನೆ ಇರುವುದು, ನಾವೂ ಜೊತೆಗೆ ಕೂರಬೇಕಾ ಅಥವಾ ಹುಡುಗರನ್ನು ಟೀವಿ ಮುಂದೆ ಬಿಟ್ಟು ನಮ್ಮ ಪಾಡಿಗೆ ಬೇರೆ ಕೆಲಸ ನೋಡಿಕೊಳ್ಳಬಹುದಾ ಅನ್ನೋದು. ಅನಿಮೇಷನ್ ಸಿನಿಮಾ ಮಾಡುವ ಪಿಕ್ಸಾರ್‌ನವರ ‘ದಿ ಗುಡ್ ಡೈನೋಸಾರ್’ ಆದರೆ ಕೂರಿ ಅಂತೀನಿ. ಕಥೆಗೋಸ್ಕರ ಅಲ್ಲ.

ಕಥೆ ಹೊಸದೇನಲ್ಲ. ಅಪ್ಪ ಸಾಯ್ತಾನೆ, ಪುಕ್ಕಲು ಮಗ ಹೊಳೆಯಲ್ಲಿ ಕೊಚ್ಚಿಕೊಂಡು ಹೋಗಿ ದಾರಿ ತಪ್ಪುತ್ತಾನೆ, ಧೈರ್ಯ ಕಲಿತು ಮನೆಗೆ ವಾಪಸ್ ಬರ್ತಾನೆ. ಅರ್ಧ ಗಂಟೆಯೊಳಗೆ ಕ್ಲೈಮ್ಯಾಕ್ಸ್ ಏನು ಅಂತ ಯಾರು ಬೇಕಾದರೂ ಹೇಳಬಹುದು. ಪೀಟರ್ ಸೋನ್ ನಿರ್ದೇಶನದ ಈ ಸಿನಿಮಾ 2015ರಲ್ಲಿ ಬಂತು, ದುಡ್ಡೂ ಅಂಥಾದ್ದೇನೂ ಮಾಡಲಿಲ್ಲ. ಆದರೆ ಶುರುವಿನ ಐಡಿಯಾ ಮಜವಾಗಿದೆ. 6.6 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂದು ಮೆಕ್ಸಿಕೋ ಕಡೆ ಬಿದ್ದು ಡೈನೋಸಾರ್‌ಗಳ ಕಥೆ ಮುಗಿಸಿತಲ್ಲ ಒಂದು ದೊಡ್ಡ ಬಂಡೆ, ಅದು ಇಲ್ಲಿ ಭೂಮಿಗೆ ತಾಗದೆ ಸುಮ್ನೆ ಪಕ್ಕದಲ್ಲಿ ಹಾದುಹೋಗುತ್ತೆ. ಮೇಯುತ್ತಿದ್ದ ಡೈನೋಸಾರ್‌ಗಳು ಒಂದ್ಸಲ ತಲೆಯೆತ್ತಿ ನೋಡಿ, ಮತ್ತೆ ಮೇಯೋಕೆ ಶುರು ಮಾಡುತ್ತವೆ. ಹಾಗಾಗಿ ‘ಡೈನೋಸಾರ್ ಕಾಲದಲ್ಲಿ ಮನುಷ್ಯ ಎಲ್ಲಿಂದ ಬಂದ’ ಅಂತ ತಕರಾರು ತೆಗೆಯೋ ಹಾಗಿಲ್ಲ. ಇದರಲ್ಲಿ ಡೈನೋಸಾರ್‌ಗಳು ಮಾತಾಡುತ್ತವೆ, ಹೊಲ ಉಳುತ್ತವೆ, ಮುಸುಕಿನ ಜೋಳ ಬೆಳೆದು ಕಲ್ಲಿನ ಕಣಜದಲ್ಲಿ ತುಂಬಿಡುತ್ತವೆ. ಮನುಷ್ಯರ ಹುಡುಗನೇ ನಾಲ್ಕು ಕಾಲಲ್ಲಿ ಓಡೋದು, ಗುರ್ ಅನ್ನೋದು.

ನಾವು ತುಮಕೂರಿನ ಮನೆಯಲ್ಲಿ ಭಾನುವಾರ ಕೂತು ನೋಡಿದ್ದು ಇಂಗ್ಲಿಷ್‌ನಲ್ಲಿ. ನಾನು, ಅಕ್ಕನ ಮಗ, ಅವರೆಕಾಯಿ ಬಿಡಿಸುತ್ತಾ ನಮ್ಮಮ್ಮ. ಅಮ್ಮನಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ. ಕೊರಟಗೆರೆ ಕಡೆಯವಳು, ಜೋಳದ ಹೊಲಕ್ಕೆ ಕಾಡುಹಂದಿ ನುಗ್ಗೋದು ಏನು ಅಂತ ಕಂಡವಳು. ಕಣಜಕ್ಕೆ ಕನ್ನ ಹಾಕುವ ಕಳ್ಳನನ್ನು ಹಿಡಿಯೋಕೆ ಅಪ್ಪ ಡೈನೋಸಾರ್ ಬಲೆ ಕಟ್ಟಿ ಮಗ ಆರ್ಲೋನನ್ನು ಕಾವಲಿಗೆ ಇಡುತ್ತಲ್ಲ, ಅಲ್ಲಿಂದ ಅವಳ ಕೈ ನಿಂತೇಹೋಯ್ತು. ಬಲೆಗೆ ಬಿದ್ದ ಹುಡುಗನ ಮುಖ ನೋಡಿ ಆರ್ಲೋ ಬಿಟ್ಟುಬಿಟ್ಟಾಗ ಅವಳಿಗೆ ಬಂದ ಸಿಟ್ಟು ನೋಡಬೇಕಿತ್ತು. “ಬಲೆಗೆ ಬಿದ್ದಿದ್ನ ಬಿಟ್ಬಿಟ್ನಲ್ಲೋ! ಇವನ್ಗೇನಾದ್ರೂ ಬುದ್ಧಿ ಐತಾ? ನಾಳೆ ಇನ್ನೂ ನಾಲ್ಕು ಜನನ್ನ ಕರ್ಕಂಡ್ ಬತ್ತಾನೆ.”

“ಅಜ್ಜಿ, ಅವನು ಪಾಪು,” ಅಂದ ಮೊಮ್ಮಗ.

“ಪಾಪು ಹೊಟ್ಟೆ ಪಾಪುದೇ ಕಣಪ್ಪ. ಜೋಳ ಯಾರಪ್ಪಂದು?”

ಇಂಗ್ಲಿಷ್ ಗೊತ್ತಿರುವ ನನಗಿಂತ ಅವಳೇ ಸಿನಿಮಾ ಚೆನ್ನಾಗಿ ನೋಡಿದಳು ಅನ್ನಿಸುತ್ತೆ. ಯಾಕೆಂದರೆ ಇದರಲ್ಲಿ ಮಾತು ಜಾಸ್ತಿ ಆದಾಗೆಲ್ಲ ಬೋರು. ಭಯ ಗೆಲ್ಲು, ನಿನ್ನ ಹೆಜ್ಜೆ ಗುರುತು ಮೂಡಿಸು ಅಂತ ಶಾಲೆ ವಾರ್ಷಿಕೋತ್ಸವದ ಭಾಷಣ. ಮಾತು ನಿಂತ ಕಡೆ ಸಿನಿಮಾ ಎದ್ದು ಕೂರುತ್ತೆ. ನೀರಂತೂ ನಿಜವಾದ ನೀರೇ, ಮಳೆಗೆ ಮುಂಚಿನ ಮೋಡ ನಿಜವಾದ ಮೋಡವೇ. ಆ ಬೆಟ್ಟ ಗುಡ್ಡದ ಮುಂದೆ ಹಸಿರು ರಬ್ಬರ್ ಗೊಂಬೆ ಥರದ ಆರ್ಲೋನನ್ನು ಯಾಕೆ ನಿಲ್ಲಿಸಿದರೋ, ಅದೊಂದು ನನಗೆ ಕೊನೇತನಕ ಒಗ್ಗಲಿಲ್ಲ.

ಒಂದು ಸೀನ್ ಹೇಳಲೇಬೇಕು. ರಾತ್ರಿ, ಹೊಳೆ ದಂಡೆ ಮರಳು. ಆರ್ಲೋ ಕಡ್ಡಿಗಳನ್ನು ಸಾಲಾಗಿ ನೆಟ್ಟು, ಇದು ನಮ್ಮನೆಯವರು ಅಂತ ತೋರಿಸುತ್ತಾನೆ. ಹುಡುಗ ನೋಡ್ತಾನೆ. ತಾನೂ ಕಡ್ಡಿ ನೆಡ್ತಾನೆ. ಆಮೇಲೆ ದೊಡ್ಡ ಕಡ್ಡಿ ಎರಡನ್ನೂ ಮಲಗಿಸಿ ಮೇಲೆ ಮರಳು ಎಳೆಯುತ್ತಾನೆ. ಅಷ್ಟೇ. ಆರ್ಲೋ ಕೂಡ ಅಪ್ಪನ ಕಡ್ಡಿಯನ್ನು ಮೆಲ್ಲಗೆ ಬೀಳಿಸುತ್ತಾನೆ. ನಾನು ವಿವರಿಸೋಕೆ ಬಾಯಿ ತೆಗೆಯುವಷ್ಟರಲ್ಲಿ ಅಮ್ಮ, “ಅಪ್ಪ ಅಮ್ಮ ಇಬ್ರೂ ಇಲ್ವಂತೆ ಪಾಪ” ಅಂದಳು. ಜೋಳದ ಲೆಕ್ಕ ಅಲ್ಲಿಗೆ ಚುಕ್ತಾ.

ತೀರಾ ಚಿಕ್ಕವರಿದ್ದರೆ ಪಕ್ಕದಲ್ಲೇ ಇರಿ. ಅಪ್ಪ ಪ್ರವಾಹಕ್ಕೆ ಸಿಕ್ಕುವುದು ಜೋರಾಗಿದೆ. ಹಾರುವ ರೆಕ್ಕೆಯ ಪ್ರಾಣಿಗಳು ಒಂದು ಮುದ್ದಾದ ಮರಿಯನ್ನು ಕಾಪಾಡಿದ ಹಾಗೆ ಮಾಡಿ ಗುಳುಂ ಮಾಡುವುದೂ ಇದೆ. ಕೊಳೆತ ಹಣ್ಣು ತಿಂದು ಇಬ್ಬರಿಗೂ ಅಮಲೇರುವ ಸೀನ್ ಒಂದಿದೆ, ಅದಕ್ಕೆ ಏನು ಹೇಳಬೇಕು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ. ದನ ಕಾಯುವ ಟಿ. ರೆಕ್ಸ್‌ಗಳು, ಅದೇ ಮಾಂಸ ತಿನ್ನುವ ದೈತ್ಯ ಡೈನೋಸಾರ್‌ಗಳು, ಬಂದಮೇಲೆ ಮಾತ್ರ ಯಾರೂ ಎದ್ದು ಹೋಗಲ್ಲ. ಸೊಂಟದಿಂದ ಮೇಲೆ ಸವಾರ, ಕೆಳಗೆ ಕುದುರೆ, ಹಾಗೆ ಓಡುತ್ತವೆ!

ನಿಜವಾದ ಕೆಲಸ ಸಿನಿಮಾ ಮುಗಿದ ಮೇಲೆ ಶುರು. ದೇವರಾಯನದುರ್ಗದಲ್ಲಿ ಡೈನೋಸಾರ್ ಇತ್ತಾ ಮಾಮ? ಆ ಬೆಟ್ಟದ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು, ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಅಂದರೆ ಅವು ಬರುವ ಮೊದಲೇ ಈ ಕಲ್ಲು ಮುದುಕ. ಮೂಳೆ ಉಳಿಯೋಕೆ ಮರಳು, ಕೆಸರು ಪದರ ಪದರವಾಗಿ ಕೂತು ಕಲ್ಲಾಗಬೇಕು. ನಮ್ಮದು ನೆಲದಾಳದಲ್ಲಿ ಕರಗಿ ಗಟ್ಟಿಯಾದ ಕಲ್ಲು, ಇದರೊಳಗೆ ಹುಡುಕಿದರೆ ಏನೂ ಸಿಗಲ್ಲ. ಗುಜರಾತಿನ ರೈಯೋಲಿ ಕಡೆ ಸಿಕ್ಕಿದೆ. ಆರ್ಲೋ ಥರದ ಉದ್ದ ಕತ್ತಿನದು, ಗೋದಾವರಿ ಕಣಿವೆಯಲ್ಲಿ ಸಿಕ್ಕ ಬಾರಾಪಾಸಾರಸ್, ಅದರ ಅಸ್ಥಿಪಂಜರ ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ನಿಂತಿದೆ.

ಹುಡುಗನ ಮುಖ ಸಪ್ಪಗಾಯ್ತು. ಸಮಾಧಾನಕ್ಕೆ ಅಂತ, ಈಗಿನ ಹಕ್ಕಿಗಳೆಲ್ಲ ಡೈನೋಸಾರ್ ವಂಶದವೇ, ಹಿತ್ತಲಲ್ಲಿ ಕೆದಕುತ್ತಲ್ಲ ನಾಟಿ ಕೋಳಿ, ಅದೂ ಸೇರಿ ಅಂದೆ. ಒಲೆ ಮೇಲೆ ಅದೇ ಸಾರು ಕುದೀತಿತ್ತು. “ಊಟದ ಹೊತ್ತಲ್ಲಿ ಮಗೀಗೆ ಏನೇನೋ ಹೇಳ್ತೀಯಲ್ಲೋ” ಅಂತ ಅಮ್ಮ ಬೈದಳು. ಅವನು ಬೇಜಾರೇನೂ ಮಾಡಿಕೊಳ್ಳಲಿಲ್ಲ. ಟಿ. ರೆಕ್ಸ್ ಕಾಲು ನಂಗೇ ಬೇಕು ಅಂತ ತಟ್ಟೆ ಮುಂದಕ್ಕೆ ತಳ್ಳಿ, ಮುದ್ದೆ ಮುರಿಯೋಕೆ ಶುರು ಮಾಡಿದ.